ಚಂದ್ರನ ಧೂಳಿಗೆ ಬೆಲ್ಲ

ನಾವು ಮಕ್ಕಳಾಗಿದ್ದ ಕಾಲದಲ್ಲಿ ಮೈಸೂರು ಮೈನ್ಸ್ ಚಿನ್ನದ ಗಣಿಯ ಲೈನ್ ಮನೆಗಳವರು, ಅಂದರೆ ಕೂಲಿಯವರ ಸಾಲುಮನೆಗಳವರು, ಬೆಲ್ಲವನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಡುತ್ತಿದ್ದರು. ಗಣಿಯಿಂದ ಮೇಲೆ ಬಂದ ಗಂಡಸು ಹೊಸ್ತಿಲು ದಾಟುವ ಮೊದಲು ಅಂಗಿ ಬಿಚ್ಚಿ ಹೊರಗಿನ ಕಂಬಕ್ಕೆ ಬಡಿಯಬೇಕು, ಬಾಯಿ ಮುಕ್ಕಳಿಸಬೇಕು, ಆಮೇಲೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳಬೇಕು. ಬೆಲ್ಲ ಕರಗುತ್ತಾ ಗಂಟಲಲ್ಲಿ ಇಳಿಯುವಾಗ ಎದೆಯೊಳಗೆ ಕೂತ ಧೂಳನ್ನೆಲ್ಲ ಬಾಚಿಕೊಂಡು ಹೊಟ್ಟೆಗೆ ಹೋಗುತ್ತದೆ, ಹೊಟ್ಟೆಗೆ ಹೋದದ್ದು ಬೆಳಿಗ್ಗೆ ಆಚೆ ಹೋಗುತ್ತದೆ. ಇದು ನಮ್ಮ ಲೈನಿನ ವೈದ್ಯ. ತಮಿಳರ ಮನೆಯಲ್ಲೂ, ತೆಲುಗರ ಮನೆಯಲ್ಲೂ, ಕಾಮಸಮುದ್ರದ ಕಡೆಯಿಂದ ಬಂದ ನಮ್ಮಂಥ ಕನ್ನಡದವರ ಮನೆಯಲ್ಲೂ ಈ ವಿಷಯಕ್ಕೆ ಭೇದವಿರಲಿಲ್ಲ. ಆ ಬೆಲ್ಲಕ್ಕೆ ಮಕ್ಕಳು ಕೈ ಹಾಕುವ ಹಾಗಿರಲಿಲ್ಲ. ಇರುವೆ ತಿಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ನಾವು ತಿಂದರೆ ಬೆನ್ನ ಮೇಲೆ ಬೀಳುತ್ತಿತ್ತು.

ಬೆಲ್ಲದ ಮಾತೆತ್ತಿದರೆ ನಿಮಗೆ ಬಾಯಲ್ಲಿ ನೀರೂರಬಹುದು. ನನಗೆ ಸಿಟ್ಟು ಬರುತ್ತದೆ. ಅರವತ್ತು ದಾಟಿದ ಹೆಂಗಸು, ಬಂಗಾರಪೇಟೆಯಲ್ಲಿ ಮೊಮ್ಮಕ್ಕಳ ತಲೆ ಬಾಚುತ್ತಾ ಕೂತವಳು, ಇನ್ನೂ ಯಾರ ಮೇಲೆ ಸಿಟ್ಟು ಅಂತ ಮನೆಯವರು ಕೇಳುತ್ತಾರೆ. ಯಾರ ಮೇಲೆ ಎಂದು ನನಗೂ ಪೂರ್ತಿ ತಿಳಿದಿಲ್ಲ. ಯಾವತ್ತಿನಿಂದ ಎಂದು ಮಾತ್ರ ಚೆನ್ನಾಗಿ ಗೊತ್ತು. ಮನುಷ್ಯರು ಮೊದಲ ಸಲ ಚಂದ್ರನ ಮೇಲೆ ಇಳಿದ ಆ ಮಳೆಗಾಲದಿಂದ.

ನಮ್ಮಪ್ಪ ಮುನಿಶಾಮಪ್ಪ ಗಣಿಯ ತಳದಲ್ಲಿ ಬಂಡೆಗೆ ತೂತು ಕೊರೆಯುತ್ತಿದ್ದ. ಅವನು ಕೊರೆದ ತೂತಿಗೆ ಮದ್ದು ತುಂಬಿ ಸಿಡಿಸುತ್ತಿದ್ದರು. ಹಾಗಾಗಿ ಅವನ ಅಂಗಿಗೆ ಯಾವಾಗಲೂ ಸುಟ್ಟ ಪಟಾಕಿಯ ವಾಸನೆ. ಅವ್ವ ಎಷ್ಟು ಒಗೆದರೂ ಅದು ಹೋಗುತ್ತಿರಲಿಲ್ಲ. ಬೇರೆ ಮಕ್ಕಳಿಗೆ ದೀಪಾವಳಿ ವರ್ಷಕ್ಕೊಮ್ಮೆ, ನಮಗೆ ಶಿಫ್ಟು ಬಿಟ್ಟಾಗೆಲ್ಲ ದೀಪಾವಳಿ ಎಂದು ನಾನು ಮತ್ತು ನನ್ನ ತಮ್ಮ ಸೀನ ನಗುತ್ತಿದ್ದೆವು. ಸಂಗು ಕೂಗಿದ ಮೇಲೆ, ಸಂಗು ಅಂದರೆ ಗಣಿಯ ಸೈರನ್ನು, ನಾವಿಬ್ಬರೂ ಲೈನಿನ ಮೂಲೆಗೆ ಓಡಿ ನಿಲ್ಲುತ್ತಿದ್ದೆವು. ಬರುವವರೆಲ್ಲರ ಮುಖವೂ ಒಂದೇ ಬಣ್ಣ. ಕೆಮ್ಮಿನಿಂದ ಅಪ್ಪನನ್ನು ಗುರುತು ಹಿಡಿಯುತ್ತಿದ್ದೆವು.

ಆ ಕೆಮ್ಮು ಹಿಂದಿನ ವರ್ಷದ ಚಳಿಗೆ ಬಂದದ್ದು, ಹೋಗಲಿಲ್ಲ. ಅವ್ವ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಕೂತವರು ತಲೆ ಎತ್ತದೆ, "ಬೀಡಿ ಬಿಡು" ಅಂದರಂತೆ. ನಮ್ಮಪ್ಪ ಬೀಡಿ ಸೇದುತ್ತಿರಲಿಲ್ಲ. ಅದನ್ನು ಹೇಳೋಣ ಎಂದು ಅವನು ಬಾಯಿ ತೆರೆದರೆ ಕೆಮ್ಮು ಬಂತಂತೆ. "ನೋಡಿದ್ಯಾ" ಅಂದು ಕಳಿಸಿಬಿಟ್ಟರಂತೆ. ಅಪ್ಪನ ತಾಯಿ, ನಮ್ಮಜ್ಜಿ, ಬೆಲ್ಲದ ಚೂರನ್ನು ಸ್ವಲ್ಪ ದೊಡ್ಡದು ಮಾಡಿದಳು.

ಚಂದ್ರನ ಸುದ್ದಿ ಬಂದದ್ದು ಟೀ ಅಂಗಡಿಯ ರೇಡಿಯೋದಿಂದ. ಮೂವರು ಹೋಗಿದ್ದಾರೆ, ಇಬ್ಬರು ಇಳಿದು ನಡೆದಿದ್ದಾರೆ, ಒಬ್ಬ ಮೇಲೆ ಸುತ್ತುತ್ತಾ ಕಾಯುತ್ತಿದ್ದಾನೆ. ಊರಲ್ಲಿ ಎಷ್ಟೋ ಮುದುಕರು ಇದೆಲ್ಲ ಬುರುಡೆ ಅಂದರು. ನಮ್ಮಜ್ಜಿ ಮಾತ್ರ ಕೇಳಿದ ತಕ್ಷಣ ನಂಬಿದಳು.

"ನನ್ ಮಗ ದಿನಾ ಬೂಮಿ ವೊಟ್ಟೆ ಒಳಕ್ಕೆ ಮೈಲಿಗಟ್ಲೆ ಓಗಿ ಬರಲ್ವಾ? ಅವ್ರು ಮೇಲಕ್ಕೋದ್ರು. ಅದ್ರಾಗೇನೈತೆ" ಅಂದಳು. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲೂ ಧೂಳೈತಾ?"

"ಬರೀ ಧೂಳೇ ಅಂತೆ ಕಣವ್ವಾ" ಅಂದ ಅಪ್ಪ. "ಕಾಲಿಟ್ರೆ ಅಚ್ಚು ಬೀಳ್ತದಂತೆ, ನಮ್ ಸೈನೈಡ್ ದಿಬ್ಬ ಇದ್ದಂಗೆ."

ಸೈನೈಡ್ ದಿಬ್ಬ ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದು ಸುರಿದು ಎದ್ದ ಗುಡ್ಡ. ಬೂದು ಬಣ್ಣ, ಹುಲ್ಲಿಲ್ಲ, ಗಿಡವಿಲ್ಲ, ಹಿಟ್ಟಿನಂಥ ಮಣ್ಣು. ಅಲ್ಲಿಗೆ ಹೋಗಬೇಡಿ ಎಂದು ಅವ್ವಂದಿರು ಬೈಯುವುದು, ನಾವು ಹೋಗುವುದು, ಎರಡೂ ನಡೆದೇ ಇದ್ದವು. ಅಲ್ಲಿವರೆಗೆ ತಗಡಿನ ಮೇಲೆ ಕೂತು ಜಾರುತ್ತಿದ್ದ ನಾವು ಆ ವಾರದಿಂದ ಚಂದ್ರನ ಆಟ ಶುರುಮಾಡಿದೆವು. ನಿಧಾನಕ್ಕೆ ನೆಗೆಯಬೇಕು, ನಿಧಾನಕ್ಕೆ ಬೀಳಬೇಕು, ಬೇಗ ಬಿದ್ದವರು ಔಟು. ಸೀನ ಯಾವಾಗಲೂ ಔಟಾಗುತ್ತಿದ್ದ. ಸಂಜೆ ಮನೆಗೆ ಬಂದರೆ ಮೂಗಿನ ಹೊಳ್ಳೆಯಿಂದ ಬೂದು ಬಣ್ಣದ ಸಿಂಬಳ. ಮುದ್ದೆ, ಹುರುಳಿ ಸಾರು ತಿನ್ನುವಾಗ ಹಲ್ಲಿನಡಿ ಕರಕರ ಅನ್ನುತ್ತಿತ್ತು.

ಕೆಲವು ದಿನ ಕಳೆದ ಮೇಲೆ ಅಪ್ಪ ಶಿಫ್ಟಿನಿಂದ ಬಂದವನು ಬೆಲ್ಲವನ್ನು ಕೈಯಲ್ಲೇ ಹಿಡಿದು ಹೊಸ ಸುದ್ದಿ ಹೇಳಿದ.

"ಆ ಮೂರು ಜನಾನ ಗಾಜಿನ ಮನೇಲಿ ಕೂಡಾಕವ್ರಂತೆ. ಹೆಂಡ್ರು ಮಕ್ಳು ಬಂದ್ರೂ ಗಾಜಿನ ಆಚೆಯಿಂದ್ಲೇ ಮಾತಾಡ್ಬೇಕಂತೆ."

"ಯಾಕ್ಲಾ, ಏನು ತಪ್ಪು ಮಾಡಿದ್ರು?" ಅಂದಳು ಅಜ್ಜಿ.

"ತಪ್ಪಲ್ಲವ್ವಾ. ಮೈಗೆ ಅಲ್ಲಿನ ಧೂಳು ಮೆತ್ತೈತಲ್ಲ, ಅದ್ರಾಗೆ ಏನಾನ ರೋಗ ಇದ್ರೆ ಅಂತ. ದಿನಾ ಡಾಕ್ಟ್ರು ರಕ್ತ ನೋಡ್ತಾವ್ರೆ, ಎದೆ ನೋಡ್ತಾವ್ರೆ. ಇಪ್ಪತ್ತೊಂದು ದಿನ ಬಿಡಾಕಿಲ್ವಂತೆ."

ಅಜ್ಜಿ ಬೆಲ್ಲದ ಗೂಡಿನ ಕಡೆ ಕೈ ತೋರಿಸಿದಳು. "ಅಷ್ಟೊಂದು ದುಡ್ಡಿರೋರು, ಒಂದೆರ್ಡು ಅಚ್ಚು ಬೆಲ್ಲ ಕಟ್ಟಿ ಕಳ್ಸಿದ್ರೆ ಆಗ್ತಿರ್ಲಿಲ್ವಾ? ಯೋಳೋರು ಯಾರೂ ಇರ್ಲಿಲ್ವಾ ಅವ್ರಿಗೆ?"

ಪಕ್ಕದ ಮನೆಯ ಅಂಜಲೈ ಅಕ್ಕ ಗೋಡೆಯ ಆಚೆಯಿಂದಲೇ ತಮಿಳಿನಲ್ಲಿ, "ಆಯಾ, ಅಮೇರಿಕಾವುಕ್ಕು ವೆಲ್ಲಂ ನೀಂಗಳೇ ಅನುಪ್ಪುಂಗ" ಅಂದಳು. ಅಜ್ಜೀ, ಅಮೆರಿಕಕ್ಕೆ ಬೆಲ್ಲ ನೀವೇ ಕಳಿಸಿಕೊಡಿ ಎಂದು. ಇಡೀ ಲೈನು ನಕ್ಕಿತು. ಅಪ್ಪನೂ ನಕ್ಕ. ನಗು ಕೆಮ್ಮಾಯಿತು. ಅಜ್ಜಿ ಅವನ ಕೈಯಲ್ಲಿದ್ದ ಬೆಲ್ಲವನ್ನು ಕಿತ್ತು ಬಾಯಿಗೆ ತುರುಕಿದಳು.

ಸ್ವಾತಂತ್ರ್ಯ ದಿನಾಚರಣೆಗೆ ಆ ವರ್ಷ ನಮ್ಮ ಶಾಲೆಯಿಂದ ಚಂದ್ರನ ಮೇಲೆ ಇಳಿಯುವ ದೃಶ್ಯ ಮಾಡಿ ತೋರಿಸಬೇಕೆಂದು ಸೈನ್ಸ್ ಮೇಷ್ಟ್ರಿಗೆ ಹುಮ್ಮಸ್ಸು ಬಂತು. ಯಾರ ಮನೆಯಲ್ಲಿ ಗಣಿಯ ಟೋಪಿ, ಬೂಟು ಇದೆ ಎಂದು ಕೇಳಿದರು. ಎಲ್ಲರೂ ಕೈ ಎತ್ತಿದೆವು. ದೀಪ ಕಟ್ಟುವ ಗಟ್ಟಿ ಟೋಪಿ, ಮೊಳಕಾಲ ಹತ್ತಿರದವರೆಗೂ ಬರುವ ಬೂಟು. ಚಂದ್ರಲೋಕಕ್ಕೆ ಹೋಗುವವನ ವೇಷಕ್ಕೆ ಇನ್ನೇನು ಬೇಕು? ಅವತ್ತು ಗಣಿಗೂ ರಜೆ.

ಅಪ್ಪ ಬೂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ನಡುನಡುವೆ ಕೆಮ್ಮುತ್ತಾ, ಹಳೆ ಲುಂಗಿಯ ತುಂಡಿನಲ್ಲಿ ಉಜ್ಜಿದ. ಲೈನಿನಲ್ಲಿ ಹೋಗಿ ಬರುವವರಿಗೆಲ್ಲ, "ನನ್ ಬೂಟು ಚಂದ್ರನ ಮೇಲೆ ನಡೀತದೆ ಕಣ್ರಪ್ಪಾ" ಅಂದ. "ನಮ್ ರತ್ನಮ್ಮಿ ಆಕ್ಕೊಂಡು ನಡೀತಾಳೆ."

ನಾನೂ ಹಾಗೇ ಅಂದುಕೊಂಡಿದ್ದೆ.

ಮೇಷ್ಟ್ರು ಮೂವರು ಹುಡುಗರನ್ನು ಆಫೀಸರುಗಳ ಬಂಗಲೆ ಕಡೆಯ ಶಾಲೆಯಿಂದ ಕರೆತಂದರು. ಬಿಳಿ ಕಾಲುಚೀಲ, ಗರಿಗರಿ ಚಡ್ಡಿ. ಚಂದ್ರನ ಮೇಲೆ ಇಂಗ್ಲಿಷಿನಲ್ಲಿ ಮಾತಾಡಬೇಕು, ಇವರಿಗೆ ಬರುತ್ತದೆ ಎಂದರು.

"ಹಂಗಾದ್ರೆ ನಾವು ಸಾರ್?" ಅಂದೆ.

"ನೀವು ಚಂದ್ರ."

"ಚಂದ್ರ ಏನು ಮಾತಾಡ್ತದೆ ಸಾರ್?"

"ಚಂದ್ರ ಮಾತಾಡಲ್ಲ. ಅಲ್ಲಾಡೋದೂ ಇಲ್ಲ. ಸುಮ್ಮನೆ ಬಗ್ಗಿ ಮಲಗಿರಬೇಕು."

ಲೈನಿನ ಮಕ್ಕಳು ಒಂಬತ್ತೋ ಹತ್ತೋ ಜನ ಒತ್ತೊತ್ತಾಗಿ ಮೊಣಕಾಲೂರಿ ಬಗ್ಗಬೇಕು. ನಮ್ಮ ಮೇಲೆ ಗೋಣಿಚೀಲ ಹೊಲಿದು ಮಾಡಿದ ದೊಡ್ಡ ಹೊದಿಕೆ. ಅದರ ಮೇಲೆ ಸೈನೈಡ್ ದಿಬ್ಬದಿಂದ ಬುಟ್ಟಿಯಲ್ಲಿ ತಂದ ಮಣ್ಣನ್ನು ಎರಚುವುದು, ನಿಜವಾದ ಚಂದ್ರನ ಹಾಗೆ ಕಾಣಲಿ ಎಂದು. ಹೊತ್ತು ತಂದವರೂ ನಾವೇ. ಚಂದ್ರನಿಂದ ವಾಪಸು ಬಂದ ಮೇಲೆ ಮೂವರೂ ಒಂದು ಸೊಳ್ಳೆ ಪರದೆಯೊಳಗೆ ಕೂರಬೇಕು, ಅದೇ ಗಾಜಿನ ಮನೆ. ಬಂಗಲೆಯ ಹುಡುಗಿಯೊಬ್ಬಳು ಬಿಳಿ ಕೋಟು ಹಾಕಿಕೊಂಡು, ಸೈಕಲ್ ಟ್ಯೂಬಿನಲ್ಲಿ ಮಾಡಿದ ಸ್ಟೆತಾಸ್ಕೋಪಿನಿಂದ ಅವರ ಎದೆ ಪರೀಕ್ಷೆ ಮಾಡುತ್ತಾಳೆ.

ಅಭ್ಯಾಸದ ದಿನ ನಾನು ಗೋಣಿಯಿಂದ ತಲೆ ಹೊರಗೆ ಹಾಕಿ ಕೇಳಿದೆ. "ಸಾರ್, ಧೂಳು ಮೆತ್ತಿಕೊಂಡ್ರೆ ಡಾಕ್ಟ್ರು ದಿನಾ ಎದೆ ನೋಡ್ಬೇಕಾ?"

"ಹೌದಮ್ಮ. ಜಾಗರೂಕತೆ."

"ಮತ್ತೆ ನಮ್ಮಪ್ಪನ್ನ ಯಾರೂ ನೋಡಲ್ವಲ್ಲ ಸಾರ್?"

ಮೇಷ್ಟ್ರು ಕೆಟ್ಟವರಲ್ಲ. ನಕ್ಕು ನನ್ನ ತಲೆಯನ್ನು ಮೆಲ್ಲಗೆ ಗೋಣಿಯೊಳಗೆ ಒತ್ತಿದರು. "ಅದು ಚಂದ್ರನ ಧೂಳಮ್ಮ. ಇದು ನಮ್ಮದೇ ಮಣ್ಣು, ಏನೂ ಮಾಡಲ್ಲ" ಅಂದರು. ಆ ಮಾತನ್ನು ಈ ವಯಸ್ಸಿನವರೆಗೂ ನುಂಗಲು ನನ್ನಿಂದ ಆಗಿಲ್ಲ, ಉಗುಳಲೂ ಆಗಿಲ್ಲ.

ಆಗಸ್ಟ್ ಹದಿನೈದರ ಬೆಳಿಗ್ಗೆ ಅಜ್ಜಿ ನನ್ನ ಲಂಗದ ನೆರಿಗೆಗೆ ಒಂದು ಬೆಲ್ಲದ ಉಂಡೆ ಕಟ್ಟಿದಳು. "ಚಂದ್ರಲೋಕದಿಂದ ಬಂದೋರಿಗೆ ಕೊಡಮ್ಮಿ. ಆಟವಾದ್ರೂ ಧೂಳು ಧೂಳೇ" ಅಂದಳು. ನಾನು ಚಂದ್ರನಾಗಿದ್ದೇನೆ ಎಂದು ಮನೆಯಲ್ಲಿ ಹೇಳಿರಲಿಲ್ಲ.

ಮೈದಾನದಲ್ಲಿ ಕುರ್ಚಿಗಳೆಲ್ಲ ದೊಡ್ಡವರಿಗೆ. ಲೈನಿನವರಿಗೆ ವೇದಿಕೆಯ ಮುಂದೆ ನೆಲದ ಮೇಲೆ ಜಮಖಾನ. ಗೋಣಿಯ ತೂತಿನಿಂದ ನೋಡಿದೆ. ಅಪ್ಪ ಎಲ್ಲರಿಗಿಂತ ಮುಂದೆ ಕೂತಿದ್ದ, ಇಸ್ತ್ರಿ ಮಾಡಿಸಿದ ಅಂಗಿ ಹಾಕಿಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು. ಟೋಪಿ ಹಾಕಿ ಬಂದ ಹುಡುಗರ ಮುಖಗಳಲ್ಲಿ ನನ್ನನ್ನು ಹುಡುಕುತ್ತಿದ್ದ.

ಬೂಟುಗಳು ನಮ್ಮ ಮೇಲೆ ಹತ್ತಿದವು. ಅಪ್ಪನ ಬೂಟು ನನಗೆ ಎಣ್ಣೆಯ ವಾಸನೆಯಿಂದಲೇ ತಿಳಿಯಿತು. ಆ ಹುಡುಗನ ಕಾಲಿಗೆ ದೊಡ್ಡದಾಗುತ್ತದೆ ಎಂದು ಒಳಗೆ ಬಟ್ಟೆ ತುರುಕಿದ್ದರು. ಅವನು ನನ್ನ ಭುಜದ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಸೀನನ ಕೈಬೆರಳ ಮೇಲಿಟ್ಟು, ಇಂಗ್ಲಿಷಿನಲ್ಲಿ ಏನೋ ಕೂಗಿದ. ಸೀನ ಗೋಣಿಯೊಳಗೆ ಕಚ್ಚಿದ ಹಲ್ಲಿನಲ್ಲೇ, "ಅಕ್ಕಾ, ಬೆರಳು" ಅಂದ. "ಸುಮ್ನಿರ್ಲಾ, ಚಂದ್ರ ಮಾತಾಡಲ್ಲ" ಅಂದೆ. ಮೂರನೆಯವನು ನಮ್ಮ ಸುತ್ತ ಓಡುತ್ತಿದ್ದ. ಯಾವಾಗ ನಿಲ್ಲಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಪಾಪ, ಏದುಸಿರು ಬಿಡುತ್ತಾ ಸುತ್ತುತ್ತಲೇ ಇದ್ದ.

ಇಬ್ಬರೂ ಚಂದ್ರನ ಮೇಲೆ ನೆಗೆದಾಡಿದರು. ದಿಬ್ಬದ ಮಣ್ಣು ಮೋಡದ ಹಾಗೆ ಎದ್ದು ಮುಂದೆ ಕೂತವರ ಮೇಲೆ ಹೋಯಿತು. ಮುಂದೆ ಕೂತವನು ನಮ್ಮಪ್ಪ.

ಕೆಮ್ಮು ಮೊದಲು ಸಣ್ಣದಾಗಿ ಬಂತು. ಅವನು ಟವೆಲಿನಿಂದ ಬಾಯಿ ಒತ್ತಿ ಹಿಡಿದ. ನಿಲ್ಲಲಿಲ್ಲ. ಅಷ್ಟರಲ್ಲಿ ಆ ಇಬ್ಬರು ಹುಡುಗರು ಇಳಿದು ಸೊಳ್ಳೆ ಪರದೆಯೊಳಗೆ ಹೋಗಿದ್ದರು. ಬಿಳಿ ಕೋಟಿನ ಹುಡುಗಿ ಒಬ್ಬನ ಎದೆಗೆ ಟ್ಯೂಬಿಟ್ಟು ತಲೆ ಅಲ್ಲಾಡಿಸುತ್ತಿದ್ದಳು. ಇಡೀ ಮೈದಾನ ಅವಳನ್ನೇ ನೋಡುತ್ತಿತ್ತು. ಒಂದು ಕೆಮ್ಮೂ ಇಲ್ಲದ ಆ ಎದೆಯನ್ನು ಅವಳು ಎಷ್ಟು ಹೊತ್ತು ಕೇಳಿದಳೆಂದರೆ! ಕುರ್ಚಿಗಳ ಕಡೆಯಿಂದ ಯಾರೋ ಹೇಳಿದರು, "ಯಾರ್ರೀ ಅದು ಕೆಮ್ಮೋದು? ಸ್ವಲ್ಪ ಆಚೆ ಕರ್ಕೊಂಡು ಹೋಗಿ. ಮಕ್ಕಳ ಕಾರ್ಯಕ್ರಮ ಹಾಳಾಗ್ತಿದೆ."

ಇಬ್ಬರು ಬಂದು ಅಪ್ಪನ ರೆಟ್ಟೆ ಹಿಡಿದರು. ಅವನು ಬೇಡ ಎನ್ನುವ ಹಾಗೆ ಕೈ ಮಾಡಿ, ತಾನೇ ಎದ್ದು, ಬಗ್ಗಿಕೊಂಡು, ಕೂತವರಿಗೆ ಕಾಲು ತಾಗದ ಹಾಗೆ ದಾಟಿಕೊಂಡು ಹೋದ. ಹೋಗುವಾಗಲೂ ತಿರುಗಿ ಪರದೆಯ ಕಡೆ ನೋಡಿದ. ಅದರೊಳಗೆ ನಾನು ಇರಬಹುದೆಂದು.

ನಾನು ಎದ್ದುಬಿಟ್ಟೆ. ಗೋಣಿಯ ಸಮೇತ ಎದ್ದೆ. ಪಕ್ಕದವರೆಲ್ಲ ಉರುಳಿದರು, ಚಂದ್ರ ಎರಡು ಹೋಳಾಯಿತು, ಇನ್ನೂ ಸುತ್ತುತ್ತಿದ್ದ ಮೂರನೆಯವನು ಸೀನನ ಮೇಲೆ ಮುಗ್ಗರಿಸಿ ಬಿದ್ದ. ಮೇಷ್ಟ್ರು, "ಏಯ್ ಚಂದ್ರಾ, ಕೂತ್ಕೋ" ಅಂದದ್ದಕ್ಕೆ ಜನ ಹೋ ಎಂದು ನಕ್ಕರು. ನಾನು ವೇದಿಕೆಯಿಂದ ಹಾರಿ ಓಡಿದೆ.

ಅಪ್ಪ ಮೈದಾನದ ಹಿಂದಿನ ಹೊಂಗೆ ಮರಕ್ಕೆ ಕೈಯೂರಿ ನಿಂತಿದ್ದ. ಕಣ್ಣಲ್ಲಿ ನೀರು, ಕೊರಳ ನರಗಳೆಲ್ಲ ಉಬ್ಬಿದ್ದವು. ಲಂಗದ ಗಂಟು ಬಿಚ್ಚಿ ಬೆಲ್ಲ ಕೊಟ್ಟೆ. ಗೋಣಿಯ ಶೆಕೆಗೆ ಅದು ಕರಗಿ ಅಂಟಂಟಾಗಿತ್ತು, ಅದಕ್ಕೂ ದಿಬ್ಬದ ಮಣ್ಣು ಮೆತ್ತಿತ್ತು. ಅವನು ನೋಡಲೂ ಇಲ್ಲ, ಬಾಯಿಗೆ ಹಾಕಿಕೊಂಡ. ಉಸಿರು ಸರಿಹೋದ ಮೇಲೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ತಲೆ, ರೆಪ್ಪೆ, ಕೈಯೆಲ್ಲ ಬೂದು.

"ಏನಮ್ಮಿ ಇದು ವೇಷ?"

"ನಾನು ಚಂದ್ರ."

ಗೋಣಿಯ ಸಂದಿಯಿಂದ ಸೋರಿದ ಧೂಳಲ್ಲಿ ನನ್ನ ಭುಜದ ಮೇಲೆ ಬೂಟಿನ ಅಚ್ಚು ಮೂಡಿತ್ತು. ಅಪ್ಪ ಅದನ್ನು ನೋಡಿದ. ತನ್ನದೇ ಬೂಟಿನ ಗುರುತು ಅವನಿಗೆ ಗೊತ್ತಿರಲಿಲ್ಲವೇ? ಅಂಗೈಯಿಂದ ಕೊಡವಿದ. ಆಮೇಲೆ ಸಿಟ್ಟು ಮಾಡಿಕೊಂಡ, ನನ್ನ ಮೇಲೆ.

"ಎದ್ದು ಬಂದ್ಬಿಟ್ಯಲ್ಲ, ಈಗ ಅವ್ರಿಗೆ ಚಂದ್ರ ಎಲ್ಲಿಂದ ಬತ್ತದೆ? ನಿನ್ನ ನೋಡಾಕೆ ಅಂತ ಬಂದ್ರೆ ಆಟಾನೇ ಕೆಡಿಸಿಬಿಟ್ಟೆ. ಓಗು, ಓಗಿ ಮಲಕ್ಕೋ."

ನಾನು ಹೋಗಲಿಲ್ಲ. ಇಬ್ಬರೂ ಮರದ ಕೆಳಗೆ ನಿಂತೆವು. ಅತ್ತ ಚಪ್ಪಾಳೆ ಬಿತ್ತು. ಅಪ್ಪ ಕತ್ತೆತ್ತಿ ಅತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ. "ಬೂಟು ಚೆನ್ನಾಗಿ ಕಾಣ್ತಿತ್ತಾ?"

"ಊಂ" ಅಂದೆ.

ಆ ಒಂದು ಪ್ರಶ್ನೆಗೆ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಅವನನ್ನು ಹಾಗೆ ಆಚೆ ಕಳಿಸಿದವರ ಮೇಲೆ ಸಿಟ್ಟು. ಹಾಗೆ ಕಳಿಸಿದರೂ ಬೂಟಿನ ಬಗ್ಗೆ ಕೇಳಿದ ಅವನ ಮೇಲೂ ಸಿಟ್ಟು.

ಆಮೇಲೆ ಚಂದ್ರನಲ್ಲಿಗೆ ಇನ್ನೂ ಕೆಲವರು ಹೋದರು. ಎರಡನೇ ಸಲ ಹೋದವರೂ ಇಳಿದರು. ಅದರ ಮುಂದಿನ ಸಲದವರು ದಾರಿಯಲ್ಲೇ ಅಪಾಯಕ್ಕೆ ಸಿಕ್ಕಿ ಇಳಿಯದೆ ವಾಪಸು ಬಂದರು. ಆಗ ನಮ್ಮ ಲೈನಿನ ಹೆಂಗಸರು ಅವರಿಗಾಗಿ ದೀಪ ಹಚ್ಚಿದ್ದರು, ಒಳಗೆ ಸಿಕ್ಕಿಕೊಂಡವರಿಗಾಗಿ ಕಾಯುವುದು ಅವರಿಗೆ ಹೊಸದಲ್ಲ. ಪ್ರತಿ ಸಲವೂ ಅಪ್ಪ ಟೀ ಅಂಗಡಿಯಲ್ಲಿ ಕೇಳುತ್ತಿದ್ದುದು ಒಂದೇ. "ಗಾಜಿನ ಮನೇಲಿ ಕೂಡಾಕಿದ್ರಾ?" ಕೊನೆಗೊಮ್ಮೆ, ಇನ್ನು ಕೂಡಿಹಾಕುವುದಿಲ್ಲವಂತೆ, ಆ ಧೂಳಿನಲ್ಲಿ ರೋಗವಿಲ್ಲವೆಂದು ಗೊತ್ತಾಯಿತಂತೆ ಎಂಬ ಸುದ್ದಿ ಬಂತು. ಅಪ್ಪ ಮನೆಗೆ ಬಂದು ಅಜ್ಜಿಗೆ ಹೇಳಿದ, "ಧೂಳು ಏನೂ ಮಾಡಲ್ವಂತೆ ಕಣವ್ವಾ. ದೊಡ್ಡ ದೊಡ್ಡ ಡಾಕ್ಟ್ರೇ ಯೋಳವ್ರೆ." ಅವನ ಮುಖದಲ್ಲಿ ನೆಮ್ಮದಿ ಕಂಡಿತು. ಅವರ ಎದೆ ನೋಡಿ ಹೇಳಿದ ಮಾತನ್ನು ಅವನು ತನ್ನ ಎದೆಗೂ ಹಚ್ಚಿಕೊಂಡ.

ಕೊನೆಯ ಇಬ್ಬರು ಚಂದ್ರನಿಂದ ಹೊರಟು ಬಂದ ಚಳಿಗಾಲದಲ್ಲಿ ಅಪ್ಪನಿಗೆ ಗಣಿಗೆ ಇಳಿಯಲು ಆಗಲಿಲ್ಲ. ಸಂಕ್ರಾಂತಿ ಕಳೆದು, ಮನೆಯಲ್ಲಿ ಅವರೆಕಾಳಿನ ವಾಸನೆ ಇನ್ನೂ ಇದ್ದಾಗಲೇ ಹೋಗಿಬಿಟ್ಟ. ಕೊನೆಯ ದಿನಗಳಲ್ಲಿ ಬೆಲ್ಲ ಕರಗಿಸಲೂ ಬಾಯಲ್ಲಿ ಜೊಲ್ಲಿರಲಿಲ್ಲ. ಅಜ್ಜಿ ನೀರಿನಲ್ಲಿ ಕದಡಿ ಕೊಡುತ್ತಿದ್ದಳು. ಎದೆಯ ಧೂಳಿಗೂ ಹೊಟ್ಟೆಯ ಬೆಲ್ಲಕ್ಕೂ ದಾರಿಯೇ ಇಲ್ಲ ಎಂದು ನಾನು ತಿಳಿದದ್ದು ತುಂಬ ವರ್ಷಗಳ ಮೇಲೆ. ಅಜ್ಜಿಗೆ ಹೇಳಲಿಲ್ಲ. ಅವಳ ಹತ್ತಿರ ಇದ್ದ ಮದ್ದು ಅದೊಂದೇ. ಮದ್ದು ಇದ್ದವರು ತಲೆ ಎತ್ತಿ ನೋಡಿರಲಿಲ್ಲ.

ಚಂದ್ರನ ಧೂಳಿಗೆ ಸುಟ್ಟ ಸಿಡಿಮದ್ದಿನ ವಾಸನೆ ಇತ್ತು ಎಂದು ಅಲ್ಲಿಗೆ ಹೋಗಿಬಂದವರು ಹೇಳಿದ್ದನ್ನು ಮೊನ್ನೆ ಓದಿದೆ. ನಮ್ಮಪ್ಪನ ಅಂಗಿಯ ವಾಸನೆ! ಈಗ ಮತ್ತೆ ಮನುಷ್ಯರನ್ನು ಅಲ್ಲಿಗೆ ಕಳಿಸುವ ಕೆಲಸ ನಡೆದಿದೆ. ಆ ಧೂಳು ಗಾಜಿನ ಪುಡಿಯಷ್ಟು ಚೂಪು, ಎದೆಗೆ ಒಳ್ಳೆಯದಲ್ಲ ಎಂದು ಈಗ ಹೇಳುತ್ತಿದ್ದಾರೆ. ಒಂದು ಕಣವೂ ಒಳಗೆ ಬಾರದ ಹಾಗೆ ಉಡುಪು ಮಾಡುತ್ತಿದ್ದಾರಂತೆ. ಮಾಡಲಿ, ಅವರೂ ಹೆತ್ತವರ ಮಕ್ಕಳೇ.

ಸೀನ ದೊಡ್ಡವನಾಗಿ ಗಣಿಗೇ ಸೇರಿದ. ಗಣಿ ಮುಚ್ಚುವ ತನಕ ಇಳಿದ. ಈಗಲೂ ಅದೇ ಲೈನ್ ಮನೆಯಲ್ಲಿದ್ದಾನೆ. ಕಳೆದ ಬೇಸಿಗೆಯಲ್ಲಿ ಮಾರಿಕುಪ್ಪಂ ರೈಲಿನಿಂದ ಬಂಗಾರಪೇಟೆಯಲ್ಲಿ ಇಳಿದವನ ಕೆಮ್ಮು ಕೇಳಿ, ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿದ್ದ ನಾನು ನಿಂತಲ್ಲೇ ನಿಂತೆ. ಅದು ಅಪ್ಪನ ಕೆಮ್ಮು. ನೇರ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಏನೋ ಬರೆಯುತ್ತಲೇ, "ಬೀಡಿ ಬಿಡೋಕೆ ಹೇಳಿ ಅಮ್ಮ" ಅಂದಳು.

ಸೀನ ಬೀಡಿ ಸೇದುವುದಿಲ್ಲ.

"ತಾಯಿ, ಇವನು ಚಂದ್ರಲೋಕದಿಂದ ಬಂದವ್ನೆ ಅಂತ ಬರ್ಕೊಳ್ಳಿ" ಅಂದೆ. "ಧೂಳು ಮೆತ್ತೈತೆ. ಇಪ್ಪತ್ತೊಂದು ದಿನ ಗಾಜಿನ ಮನೇಲಿ ಇಟ್ಕೊಂಡು ನೋಡಿ. ಅಲ್ಲಿಗಂಟ ನಾನು ಈ ಕುರ್ಚಿ ಬಿಟ್ಟು ಏಳಾಕಿಲ್ಲ. ಒಂದು ಸಲ ಎದ್ದಿದ್ದಕ್ಕೇ ಆಟ ಕೆಡ್ತು ಅಂದಿದ್ರು."

"ಸುಮ್ನಿರಕ್ಕಾ, ಚಂದ್ರ ಮಾತಾಡಲ್ಲ" ಅಂದ ಸೀನ, ಕೆಮ್ಮಿನ ನಡುವೆ ನಗುತ್ತಾ.

ಡಾಕ್ಟರಮ್ಮನಿಗೆ ಏನು ಅರ್ಥವಾಯಿತೋ, ಪೆನ್ನು ಕೆಳಗಿಟ್ಟಳು. ತಲೆ ಎತ್ತಿ ಅವನ ಮುಖ ನೋಡಿದಳು. ಎದ್ದು ಬಂದು ಸ್ಟೆತಾಸ್ಕೋಪನ್ನು ಅವನ ಬೆನ್ನಿಗೆ ಇಟ್ಟಳು, ಬಹಳ ಹೊತ್ತು ಕೇಳಿದಳು. ಅವಳ ಮುಖ ನೋಡುತ್ತಾ ನನಗೆ ತಿಳಿಯಿತು, ಕೇಳುವುದು ತಡವಾಗಿದೆ ಎಂದು.

ಚಂದ್ರನ ಮೇಲೆ ನಡೆದವರ ಹೆಜ್ಜೆಗಳು ಇನ್ನೂ ಹಾಗೇ ಇವೆಯಂತೆ, ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ. ಗಣಿಯ ತಳದಲ್ಲಿದ್ದ ಅಪ್ಪನ ಹೆಜ್ಜೆಗಳ ಮೇಲೆ ಈಗ ನೀರು ನಿಂತಿದೆ. ಸಂಗು ಕೂಗುವುದಿಲ್ಲ, ಅಂಜಲೈ ಅಕ್ಕನ ಮನೆಗೆ ಬೀಗ. ಮೊನ್ನೆ ಸೀನನ ಮನೆಗೆ ಹೋಗಿದ್ದೆ. ಬಾಗಿಲ ಪಕ್ಕದ ಗೂಡು ಹಾಗೇ ಇದೆ, ಅದರಲ್ಲಿ ಅವನ ಹೆಂಡತಿ ಫೋನಿನ ಚಾರ್ಜರ್ ಇಡುತ್ತಾಳೆ. ದಿಬ್ಬದ ಕಡೆಯಿಂದ ಗಾಳಿ ಬೀಸಿ ಅದರ ಮೇಲೂ ಬೂದು ಧೂಳು ಕೂತಿತ್ತು. ಬೆರಳಲ್ಲಿ ಒರೆಸಿ ಮೂಸಿದೆ. ಮದ್ದಿನ ವಾಸನೆ ಹೋಗಿಬಿಟ್ಟಿದೆ. ಒಳಗಿನ ಕೋಣೆಯಿಂದ ಕೆಮ್ಮು ಕೇಳುತ್ತಿತ್ತು.